ಐತನ ಬಾಲ್ಕನಿ

ದಹಿಸರ್‌ನಲ್ಲಿ ಒಂದು ಬಾಲ್ಕನಿ ಇದೆಯೆಂದೂ, ಅಲ್ಲಿ ಕೂತು ಬೆಳಗಿನ ಚಹಾ ಕುಡಿದವನಿಗೆ ಇಡೀ ದಿನ ಯಾರ ಮೇಲೂ ಸಿಟ್ಟು ಬರುವುದಿಲ್ಲವೆಂದೂ ಸಂಗಪ್ಪ ತನ್ನ ಹೆಂಡತಿ ಶರಣವ್ವನಿಗೆ ಎಷ್ಟು ವರ್ಷಗಳಿಂದ ಹೇಳುತ್ತ ಬಂದಿದ್ದನೋ ಅವನಿಗೇ ನೆನಪಿರಲಿಲ್ಲ. ಆ ಬಾಲ್ಕನಿಯನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಅದು ಅವನ ಭಕ್ತಿಗೆ ಅಡ್ಡಿಯಾಗಿರಲಿಲ್ಲ. ಕೈಲಾಸವನ್ನಾದರೂ ಯಾರು ಕಂಡಿದ್ದಾರೆ?

ಈಗ ಆ ಬಾಲ್ಕನಿಯನ್ನು ಕಾಣುವ, ಮುಖ್ಯವಾಗಿ ಶರಣವ್ವನಿಗೆ ಕಾಣಿಸುವ ಕಾಲ ಬಂದಿತ್ತು. ಗೋರೆಗಾಂವ್‌ನ ಅವರ ಚಾಳನ್ನು ಕೆಡವಲು ಬಿಲ್ಡರ್ ಬಂದಿದ್ದ. ಕಾದರೆ ಅದೇ ಜಾಗದಲ್ಲಿ ಏಳುವ ಟವರಿನಲ್ಲಿ ಮನೆ, ಕಾಯಲಾರದವರಿಗೆ ಹಣ. ಕಾಯೋಣ, ಅಲ್ಲಿಯ ತನಕ ಇಲ್ಲೇ ಹತ್ತಿರದಲ್ಲಿ ಬಾಡಿಗೆಗೆ ಇರೋಣ ಎಂಬುದು ಶರಣವ್ವನ ಹಟ. ಸಂಗಪ್ಪ ಮಾತ್ರ ದಹಿಸರ್‌ನಲ್ಲಿ ಒಂದು ಸಿದ್ಧ ಫ್ಲ್ಯಾಟು ನೋಡಿ ಬಂದಿದ್ದ. ಹಾಲ್, ಅಡಿಗೆಮನೆ, ಒಂದು ಬೆಡ್‌ರೂಮು. ಇವನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿ, ಸ್ವಲ್ಪ ತಡೆದು, ‘ಬಾಲ್ಕನಿ’ ಎಂದಿದ್ದ. ಏಜೆಂಟು ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು ಅಂದಿದ್ದ. ಇನ್ನೊಂದು ಪಾರ್ಟಿ ಕಾಯುತ್ತಿದೆಯಂತೆ. ಮುಂಬಯಿಯ ಏಜೆಂಟರಿಗೆ ಇನ್ನೊಂದು ಪಾರ್ಟಿ ಹುಟ್ಟಿನಿಂದಲೇ ಬಂದಿರುತ್ತದೆ.

“ದಹಿಸರಿನಾಗ ನನಗ ಯಾರ ಅದಾರ? ಆ ಬಾಲ್ಕನಿ ನನ್ನ ಕೂಡ ಮಾತಾಡತೈತೇನು?” ಅಂದಳು ಶರಣವ್ವ. ಅವಳ ಮಾತಿನಲ್ಲಿ ಹುರುಳಿತ್ತು. ಚಾಳಿನ ಉದ್ದನೆಯ ಗ್ಯಾಲರಿಯಲ್ಲಿ ಆಚೆ ತುದಿಯ ಮನೆಯ ಸಾರಿಗೆ ಉಪ್ಪು ಕಡಿಮೆಯಾದರೆ ಈಚೆ ತುದಿಯವರಿಗೆ ತಿಳಿಯುತ್ತಿತ್ತು. ಅಂಥ ಕಡೆ ಬದುಕಿದವಳು ಬಾಗಿಲು ಮುಚ್ಚಿಕೊಂಡು ಬಾಳುವ ಬಿಲ್ಡಿಂಗಿಗೆ ಯಾಕೆ ಹೋದಾಳು?

“ಒಮ್ಮಿ ಐತಣ್ಣನ ಬಾಲ್ಕನಿ ನೋಡು. ನೋಡಿದ ಮ್ಯಾಲೂ ಬ್ಯಾಡಂದ್ರ, ನಾ ಮತ್ತ ಆ ಮಾತ ಎತ್ತಾಂಗಿಲ್ಲ” ಅಂದ ಸಂಗಪ್ಪ. ಅಂದುಬಿಟ್ಟ ಮೇಲೆ, ಅನ್ನಬಾರದಿತ್ತೇನೋ ಅನ್ನಿಸಿತು. ಶರಣವ್ವ ಮಾತು ಮರೆಯುವವಳಲ್ಲ.

ಐತನೂ ಅವನೂ ಲೋಕಲ್ ಟ್ರೇನಿನ ಗೆಳೆಯರು. ಬೊರಿವಲಿಯಿಂದ ಹೊರಡುವ ಸ್ಲೋ ಗಾಡಿಯಲ್ಲಿ ಮೂವರು ಕನ್ನಡಿಗರು ಒಂದೇ ಸೀಟಿನಲ್ಲಿ ಕೂತು ಬರುತ್ತಿದ್ದರು: ಬ್ಯಾಂಕಿನ ಹೆಡ್‌ಕ್ಲಾರ್ಕು ಚನ್ನಬಸಯ್ಯನವರು, ಬಟ್ಟೆ ಅಂಗಡಿಯ ಶಿವಪುತ್ರ, ಮತ್ತು ಬಾಂದ್ರಾದ ಹೋಟೆಲೊಂದರಲ್ಲಿ ಮೇಲ್ವಿಚಾರಕನಾಗಿದ್ದ ಉಡುಪಿ ಕಡೆಯ ಐತ. ಗೋರೆಗಾಂವ್‌ನಲ್ಲಿ ಸಂಗಪ್ಪ ಹತ್ತುತ್ತಿದ್ದ. ಮೂವರ ಸೀಟಿನಲ್ಲಿ ನಾಲ್ಕನೆಯವನು ಅರ್ಧ ತೊಡೆ ಊರುವುದು ಈ ಊರಿನ ಸಂಪ್ರದಾಯ. ಆದರೆ ಆ ತುದಿಯನ್ನು ಕಾಂದಿವಲಿಯಲ್ಲಿ ಹತ್ತಿದವರು ಯಾರೋ ಮೊದಲೇ ಹಿಡಿದಿರುತ್ತಿದ್ದರು. ಹಾಗಾಗಿ ನಾಲ್ವರಲ್ಲಿ ಒಬ್ಬ ನಿಲ್ಲಲೇಬೇಕು. ಮೊದಮೊದಲು ‘ನೀವು ಕೂಡ್ರಿ’, ‘ಛೆ ಛೆ, ನೀವು ಕೂತುಕೊಳ್ಳಿ’ ಎಂದು ಉಪಚಾರ ನಡೆಯುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಬಾಂದ್ರಾ ಬಂದಿರುತ್ತಿತ್ತು.

ಉಪಚಾರಕ್ಕೆ ಬೇಸತ್ತು ಚನ್ನಬಸಯ್ಯನವರು ಆಟವೊಂದನ್ನು ಕಟ್ಟಿದರು. ನಾಲ್ವರಿಗೂ ಇಂಗ್ಲಿಷಿನ ಕಾಟ ಇದ್ದೇ ಇತ್ತು. ಸಂಗಪ್ಪನಿಗೆ ಸಾಹೇಬನದು, ಶಿವಪುತ್ರನಿಗೆ ಕೈಚೀಲದಲ್ಲಿ ನಾಯಿಮರಿ ಇಟ್ಟುಕೊಂಡು ಬರುವ ಗಿರಾಕಿಗಳದು, ಐತನಿಗೆ ತಟ್ಟೆಯಲ್ಲಿರುವುದು ಏನೆಂದು ತಿಂದ ಮೇಲೆ ಕೇಳುವವರದು. ಚನ್ನಬಸಯ್ಯನವರ ಸಿದ್ಧಾಂತ ಸರಳವಾಗಿತ್ತು. ಮನೆಯಲ್ಲಿರುವ ವಸ್ತುಗಳ ಬಗ್ಗೆ ನಾಲ್ಕು ಮಾತು ನೆಟ್ಟಗೆ ಆಡಲು ಬಂದರೆ, ಆಫೀಸಿನ ಇಂಗ್ಲಿಷು ತಾನಾಗಿ ಬಾಲ ಅಲ್ಲಾಡಿಸಿಕೊಂಡು ಹಿಂದೆ ಬರುತ್ತದೆ. ಆದ್ದರಿಂದ ದಿನಕ್ಕೊಂದು ಇಂಗ್ಲಿಷ್ ನಾಮಪದ. ಅದನ್ನಿಟ್ಟು ಪ್ರತಿಯೊಬ್ಬನೂ ತನ್ನ ಸ್ವಂತ ಮನೆಯ ಬಗ್ಗೆ ಒಂದು ವಾಕ್ಯ ಹೇಳಬೇಕು. ವಾಕ್ಯ ತಪ್ಪಾಗಿರಬಾರದು, ಸುಳ್ಳೂ ಆಗಿರಬಾರದು. ಹೇಳಲಾಗದವನು ಬಾಂದ್ರಾದವರೆಗೆ ನಿಲ್ಲಬೇಕು.

‘ಗಾರ್ಡನ್’ ಬಂದ ದಿನ ಸಂಗಪ್ಪ, “ದೇರ್ ಈಸ್ ನೋ ಗಾರ್ಡನ್ ಇನ್ ಮೈ ಹೌಸ್” ಅಂದು ಪಾರಾದ. ಮಾರನೆಯ ದಿನದಿಂದ ಶಿವಪುತ್ರ ಯಾವ ಪದ ಬಂದರೂ ಅದು ತನ್ನ ಮನೆಯಲ್ಲಿ ಇಲ್ಲ ಅನ್ನತೊಡಗಿದ್ದರಿಂದ, ಇಲ್ಲದವನು ನಿಲ್ಲತಕ್ಕದ್ದು ಎಂದು ಚನ್ನಬಸಯ್ಯನವರು ತಿದ್ದುಪಡಿ ತಂದರು. ಆ ತಿದ್ದುಪಡಿಯಿಂದ ಹೆಚ್ಚು ನಷ್ಟವಾದದ್ದು ಸಂಗಪ್ಪನಿಗೆ. ಚಾಳಿನ ಒಂದೂವರೆ ಕೋಣೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ.

ಹೀಗೆ ನಾಲ್ಕು ಮನೆಗಳು ದಿನವೂ ಗೋರೆಗಾಂವ್‌ನಿಂದ ಬಾಂದ್ರಾಕ್ಕೆ ಪ್ರಯಾಣ ಮಾಡಿದವು. ‘ಕಬೋರ್ಡ್’ ಬಂದಾಗ ಸಂಗಪ್ಪ, “ಅವರ್ ಕಬೋರ್ಡ್ ಡಸ್ ನಾಟ್ ಕ್ಲೋಸ್” ಅಂದಿದ್ದ. ಕೆಲವು ವಾರ ಬಿಟ್ಟು ‘ಬ್ರದರ್ ಇನ್ ಲಾ’ ಬಂದಾಗ, “ಮೈ ಬ್ರದರ್ ಇನ್ ಲಾ ವೆಂಟ್ ಹೋಮ್. ನೌ ದ ಕಬೋರ್ಡ್ ಕ್ಲೋಸಸ್” ಅಂದ. ಕಬೋರ್ಡು ಅಷ್ಟು ದಿನ ಯಾರ ಸಾಮಾನಿನಿಂದ ತುಂಬಿತ್ತೆಂದು ಮೂವರಿಗೂ ತಿಳಿಯಿತು, ಯಾರೂ ಕೆದಕಲಿಲ್ಲ. ಒಬ್ಬರ ಮನೆಗೊಬ್ಬರು ಹೋದದ್ದೇ ಇಲ್ಲ. ಟ್ರೇನಿನ ಗೆಳೆತನ ಪ್ಲಾಟ್‌ಫಾರ್ಮಿನಿಂದ ಆಚೆ ಬರುವುದಿಲ್ಲ; ಬಂದರೆ ಅದಕ್ಕೆ ಟಿಕೆಟ್ಟಿಲ್ಲ. ಹೋಗದೆಯೇ ಸಂಗಪ್ಪನಿಗೆ ಶಿವಪುತ್ರನ ಅತ್ತೆಯ ಗೊರಕೆ ಗೊತ್ತಿತ್ತು, ಚನ್ನಬಸಯ್ಯನವರ ಮಿಕ್ಸರಿನ ಕಾಯಿಲೆ ಗೊತ್ತಿತ್ತು.

ಎಲ್ಲಕ್ಕಿಂತ ಚೆನ್ನಾಗಿ ಐತನ ಬಾಲ್ಕನಿ ಗೊತ್ತಿತ್ತು.

ಆ ಪದ ಬಂದ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಜೋಗೇಶ್ವರಿಯ ಹತ್ತಿರ ಹಳಿಯಾಚೆಯ ಕಟ್ಟಡವೊಂದನ್ನು ನೋಡಿ ಚನ್ನಬಸಯ್ಯನವರು ‘ಬಾಲ್ಕನಿ’ ಅಂದರು. ಶಿವಪುತ್ರ ತನ್ನ ಅತ್ತೆಯನ್ನು ಬಾಲ್ಕನಿಯಲ್ಲಿ ಮಲಗಿಸಿ ಗೆದ್ದ. ಸಂಗಪ್ಪ ಚಾಳಿನ ಗ್ಯಾಲರಿಯನ್ನು ಮುಂದಿಟ್ಟ. ಹದಿನಾರು ಮನೆಗಳಿಗೆ ಸೇರಿದ್ದು ಬಾಲ್ಕನಿಯಾಗುವುದಿಲ್ಲ ಎಂದು ತೀರ್ಪಾಯಿತು. ಐತ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, “ಇನ್ ದ ಮಾರ್ನಿಂಗ್ ಐ ಡ್ರಿಂಕ್ ಟೀ ಇನ್ ಮೈ ಬಾಲ್ಕನಿ” ಅಂದ. ಸಂಗಪ್ಪ ನಿಂತ.

ಅಲ್ಲಿಂದ ಮುಂದೆ ಯಾವ ಪದ ಬರಲಿ, ಐತ ಅದನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗುತ್ತಿದ್ದ. ಕುರ್ಚಿ ಬಂದರೆ ಬಾಲ್ಕನಿಯ ಕುರ್ಚಿ. ಕೊಡೆ ಬಂದರೆ ಅದು ಒಣಗುತ್ತಿದ್ದದ್ದು ಬಾಲ್ಕನಿಯಲ್ಲಿ. “ದೇರ್ ಈಸ್ ಅ ಬರ್ಡ್ ಇನ್ ಮೈ ಬಾಲ್ಕನಿ. ಇಟ್ ಈಸ್ ನಾಟ್ ಮೈ ಬರ್ಡ್” ಎಂದು ಒಮ್ಮೆ ಅಂದಾಗ, ಒಂದೇ ವಾಕ್ಯ ಕೇಳಿದ್ದು ಎಂದು ಶಿವಪುತ್ರ ತಕರಾರು ತೆಗೆದ. ‘ನೀಸ್’ ಬಂದ ದಿನ ಆ ಬಾಲ್ಕನಿಯಲ್ಲಿ ಐತನ ಸೋದರ ಸೊಸೆಯೊಬ್ಬಳು ಓದಲು ಕೂತಳು. ಮುಂದೆ ಅವಳು ಓದುತ್ತ ಓದುತ್ತ ನಿದ್ದೆ ಹೋದಳು, ಪೆನ್ಸಿಲ್ ಕೆಳಗಿನವರ ತಲೆಯ ಮೇಲೆ ಬೀಳಿಸಿದಳು, ಹತ್ತನೆಯದು ಪಾಸಾದಳು. ಆ ದಿನ ಐತ ಟ್ರೇನಿನಲ್ಲಿ ಪೇಡೆ ಹಂಚಿದ. ನಿಂತುಕೊಂಡೇ ಪೇಡೆ ತಿಂದ ಸಂಗಪ್ಪನಿಗೆ, ತನಗೊಂದು ಬಾಲ್ಕನಿ ಇದ್ದಿದ್ದರೆ ತನ್ನ ಮಗಳು ಶೈಲಾಳೂ ಇನ್ನಷ್ಟು ಅಂಕ ತೆಗೆಯುತ್ತಿದ್ದಳು ಅನ್ನಿಸಿತು. ಅವನ ಆಸೆ ಬಲಿತದ್ದು ಹಾಗೆ, ಕಂಬಿ ಹಿಡಿದು ನಿಂತಲ್ಲಿ.

ಲಾಕ್‌ಡೌನಿನಲ್ಲಿ ಲೋಕಲ್ಲುಗಳು ನಿಂತವು. ಮತ್ತೆ ಓಡತೊಡಗುವಷ್ಟರಲ್ಲಿ ಚನ್ನಬಸಯ್ಯನವರು ವಿಜಯಪುರಕ್ಕೆ ಹೋಗಿಬಿಟ್ಟಿದ್ದರು, ಶಿವಪುತ್ರನ ಅಂಗಡಿ ಕಲ್ಯಾಣಕ್ಕೆ ಹೋಗಿತ್ತು, ಐತ ಮಂಡಿನೋವೆಂದು ಕೆಲಸ ಬಿಟ್ಟಿದ್ದ. ನಿವೃತ್ತಿಯಾಗುವ ತನಕ ಸಂಗಪ್ಪ ಒಬ್ಬನೇ ಹೋಗಿಬಂದ. ಸೀಟು ಸಿಗುತ್ತಿತ್ತು. ಕೂತವನು ಮೊಬೈಲು ನೋಡುವವರ ನಡುವೆ ಕಣ್ಣಿಗೆ ಬಿದ್ದ ವಸ್ತುವನ್ನಿಟ್ಟು ಮನಸ್ಸಿನಲ್ಲೇ ವಾಕ್ಯ ಮಾಡುತ್ತಿದ್ದ. ಸರಿಯೋ ತಪ್ಪೋ ಹೇಳುವವರಿರಲಿಲ್ಲ.

ಭಾನುವಾರ ಬರುತ್ತೇವೆಂದು ಫೋನು ಮಾಡಿದಾಗ ಐತ ತಡವರಿಸಿದ. ಮನೆಗೆಂತಕ್ಕೆ, ತಾನೇ ಸ್ಟೇಷನ್ನಿಗೆ ಬರುತ್ತೇನೆ ಅಂದ. ಮೂರು ಮಾಳಿಗೆ ಹತ್ತಬೇಕು, ಲಿಫ್ಟಿಲ್ಲ ಅಂದ. ಮಳೆ ಬರುವ ಹಾಗಿದೆ ಅಂದ, ಅದು ಫೆಬ್ರುವರಿ. ಇದೆಲ್ಲ ಕರಾವಳಿಯವರ ಸಂಕೋಚ ಎಂದುಕೊಂಡ ಸಂಗಪ್ಪ. ಅಷ್ಟರಲ್ಲಿ ಐತನ ಹೆಂಡತಿ ವಸಂತಿ ಫೋನು ಕಸಿದುಕೊಂಡು, ಊಟಕ್ಕೇ ಬರಬೇಕು, ಇಷ್ಟು ವರ್ಷ ಬಾರದ್ದಕ್ಕೆ ದಂಡವಾಗಿ ಸಂಜೆಯವರೆಗೆ ಇರಬೇಕು ಎಂದು ಅಪ್ಪಣೆ ಮಾಡಿದಳು.

ಶರಣವ್ವ ಶೇಂಗಾ ಹೋಳಿಗೆ ಕಟ್ಟಿಕೊಂಡಳು. ದಹಿಸರ್‌ನ ಆ ಹಳೆಯ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಸಂಗಪ್ಪ ಅವಳಿಗೆ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ವಿವರಿಸುತ್ತಿದ್ದ. ಅವಳು ಉಸಿರನ್ನು ಮೆಟ್ಟಿಲಿಗೆಂದು ಉಳಿಸಿಕೊಂಡಳು.

ವಸಂತಿ ಬಾಗಿಲಲ್ಲೇ ಶರಣವ್ವನ ಕೈ ಹಿಡಿದು, “ಬನ್ನಿ ಅಕ್ಕ” ಎಂದು ಒಳಗೆ ಕರೆದೊಯ್ದಳು. ಐತ ಮಂಡಿಗೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದ. ಸಂಗಪ್ಪನನ್ನು ಕಂಡು ಅವನ ಮುಖ ಅರಳಿತು. ಅರಳಿದ ಮುಖವನ್ನು ಏನೋ ನೆನಪಾದವನಂತೆ ಮತ್ತೆ ಮಡಿಚಿಟ್ಟುಕೊಂಡ. ಒಂದು ಕೋಣೆ, ಆಚೆಗೊಂದು ಅಡಿಗೆಮನೆ. ಸಂಗಪ್ಪ ಕುಶಲ ವಿಚಾರಿಸುತ್ತಲೇ ಗೋಡೆಗಳನ್ನು ನೋಡಿದ. ಒಂದು ಕಿಟಕಿ, ಅದಕ್ಕೆ ಹೊರಚಾಚಿದ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿನಲ್ಲಿ ತುಳಸಿ, ಬಕೆಟ್ಟು, ಒಣಮೆಣಸಿನ ತಟ್ಟೆ. ಮೂಲೆಯಲ್ಲಿ ಮುಚ್ಚಿದ ಬಾಗಿಲೊಂದಿತ್ತು. ಅವನು ಅತ್ತ ನಡೆದು, ಪರದೆ ಸರಿಸುವ ಗಾಂಭೀರ್ಯದಿಂದ ಬಾಗಿಲು ತೆಗೆದ. ಒಳಗೆ ನಲ್ಲಿ, ನೀಲಿ ಡ್ರಮ್ಮು, ಸಾಬೂನು ಇದ್ದವು.

“ಕೈಕಾಲು ತೊಳೀಬೇಕಾ? ಟವಲ್ ಅಲ್ಲೇ ಉಂಟು” ಅಂದಳು ವಸಂತಿ.

ಬೇರೆ ದಾರಿ ಕಾಣದೆ ಸಂಗಪ್ಪ ಒಳಹೊಕ್ಕು ಕೈ ತೊಳೆದ, ಕಾಲು ತೊಳೆದ, ಮುಖವನ್ನೂ ತೊಳೆದ. ಇನ್ನೇನೂ ತೊಳೆಯಲು ಉಳಿಯಲಿಲ್ಲವಾದ್ದರಿಂದ ನಲ್ಲಿ ಬಿಟ್ಟುಕೊಂಡು ನಿಂತ. ಈ ಮನೆಯಲ್ಲಿ ಬಾಲ್ಕನಿ ಇಲ್ಲ. ಯಾವತ್ತೂ ಇರಲಿಲ್ಲ. ಕುರ್ಚಿ, ಕೊಡೆ, ಓದುವ ಹುಡುಗಿ, ಅವಳ ಪೆನ್ಸಿಲು, ಎಲ್ಲ ಆ ನಲ್ಲಿಯ ನೀರಿನ ಜೊತೆ ಮೋರಿಗೆ ಹೋಗುತ್ತಿರುವಂತೆ ಕಂಡಿತು. ಅದಕ್ಕಿಂತ ಹತ್ತಿರದ ಸಂಕಟವೊಂದಿತ್ತು: ಆಚೆ ಶರಣವ್ವ ಕೂತಿದ್ದಾಳೆ. ಅವಳು ಬಾಯಿ ತೆರೆದರೆ ದಹಿಸರ್‌ನ ಫ್ಲ್ಯಾಟು ಹೋಯಿತು. ಅದು ಹೋದರೆ ಹೋಗಲಿ, ಐತನ ಮರ್ಯಾದೆ ಅವನ ಹೆಂಡತಿಯ ಎದುರಿಗೇ ಹೋಗುತ್ತದೆ.

ಅವಸರದಿಂದ ಹೊರಬಂದ. ತಡವಾಗಿತ್ತು.

“ಅಲ್ರೀ ಅಣ್ಣಾರ, ನಿಮ್ಮ ಬಾಲ್ಕನಿ ಎಲ್ಲೈತ್ರಿ? ಇವರು ಅದನ್ನ ತೋರಸಾಕಂತನ ನನ್ನ ಕರಕೊಂಡ ಬಂದಾರ” ಎಂದು ಶರಣವ್ವ ಕೇಳಿಯಾಗಿತ್ತು.

ಐತ ಮಂಡಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಬಾಲ್ಕನಿಯನ್ನು ಸೊಸೈಟಿಯವರು ರಿಪೇರಿಗೆ ಒಡೆದುಹಾಕಿದ್ದಾರಂತೆ ಎಂಬ ವಾಕ್ಯವೊಂದನ್ನು ಸಂಗಪ್ಪ ಗಡಿಬಿಡಿಯಲ್ಲಿ ಜೋಡಿಸುತ್ತಿದ್ದ. ಅದು ಪೂರ್ತಿಯಾಗುವ ಮೊದಲೇ ವಸಂತಿ ಅಡಿಗೆಮನೆಯಿಂದ ಸೌಟು ಹಿಡಿದು ಬಂದಳು.

“ಬಾಲ್ಕನಿಯಾ? ಅಗೋ, ಅದು” ಎಂದು ಸೌಟಿನಿಂದ ಕಿಟಕಿಯಾಚೆ ತೋರಿಸಿದಳು. ಗಲ್ಲಿಯ ಆಚೆಗೆ, ಎದುರು ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ, ಒಂದು ಬಾಲ್ಕನಿ ಇತ್ತು. ಅದರಲ್ಲಿ ಬೆತ್ತದ ಕುರ್ಚಿಯೊಂದಿತ್ತು. “ನಲ್ವತ್ತು ವರ್ಷದಿಂದ ಇವರು ಚಾ ಕುಡಿಯುವುದು ಅದನ್ನು ನೋಡಿಕೊಂಡೇ ಮಾರಾಯ್ರೆ. ನನ್ನನ್ನು ಅಷ್ಟು ಹೊತ್ತು ನೋಡಿದ್ದಿಲ್ಲ.”

ಶರಣವ್ವ ಆ ಬಾಲ್ಕನಿಯನ್ನು ನೋಡಿದಳು. ಪಟ್ಟಿ ಕಟ್ಟುತ್ತಿದ್ದ ಐತನ ಬೆರಳುಗಳನ್ನು ನೋಡಿದಳು. ಆಮೇಲೆ ನೀರಿಳಿಯುತ್ತಿದ್ದ ಗಂಡನ ಮುಖವನ್ನು ನೋಡಿದಳು. ಸಂಗಪ್ಪ ಮುಂದಿನ ಮಾತಿಗೆ ಬೆನ್ನು ಗಟ್ಟಿಮಾಡಿಕೊಂಡು ನಿಂತ. ಅವಳು ಕೇಳಿದ್ದು ಬೇರೆಯೇ.

“ಅಲ್ಲಿ ಯಾರ ಇರತಾರವಾ?”

ವಸಂತಿ ಅಲ್ಲಿಯವರ ಕತೆ ತೆಗೆದಳು. ಪಾರಿವಾಳ ಓಡಿಸಲು ಕೋಲು ಹಿಡಿದು ಕೂರುತ್ತಿದ್ದ ಅಜ್ಜ ಹೋಗಿ ಮೂರು ವರ್ಷವಾಯಿತು. ಅವನ ಮೊಮ್ಮಗಳು ಪುಸ್ತಕದ ಮೇಲೇ ನಿದ್ದೆ ಮಾಡುತ್ತಿದ್ದಳು. ಪರೀಕ್ಷೆ ಬಂತೆಂದರೆ ಈ ಮನೆಯವರು ಕಿಟಕಿಯಿಂದ ಕೂಗಿ ಎಬ್ಬಿಸಬೇಕು. ಹತ್ತನೆಯದು ಪಾಸಾದಾಗ ಆಚೆಯಿಂದ ಪೇಡೆ ಬಂದಿತ್ತು. ಅಷ್ಟನ್ನೂ ಐತ ಟ್ರೇನಿಗೆ ಒಯ್ದು ತನಗೆ ಒಂದನ್ನೂ ಉಳಿಸಲಿಲ್ಲ ಎಂದು ಅವಳಿಗೆ ಇನ್ನೂ ಸಿಟ್ಟಿತ್ತು. ಈಗ ಆ ಹುಡುಗಿಗೇ ಮಗುವಾಗಿದೆ. ಸಂಗಪ್ಪ ಟವಲು ಹಿಡಿದು ನಿಂತಲ್ಲೇ ಕೇಳುತ್ತಿದ್ದ. ಒಂದೊಂದೂ ಅವನಿಗೆ ಗೊತ್ತಿದ್ದ ವಾಕ್ಯವೇ. ಮೋರಿಗೆ ಹೋದವೆಂದುಕೊಂಡಿದ್ದವು ಗಲ್ಲಿಯ ಆಚೆ ದಡದಲ್ಲಿ ಮೇಲೆದ್ದು ಬರುತ್ತಿದ್ದವು.

ಹೆಂಗಸರು ಹೋಳಿಗೆಯ ಡಬ್ಬಿ ತೆಗೆದುಕೊಂಡು ಅಡಿಗೆಮನೆಗೆ ಹೋದರು. ಶರಣವ್ವ ತೆಂಗಿನಕಾಯಿ ಇಷ್ಟ್ಯಾಕ ಹಾಕ್ತೀರಿ ಅನ್ನುವುದೂ, ವಸಂತಿ ಶೇಂಗಾ ಇಷ್ಟೆಂತಕ್ಕೆ ಅನ್ನುವುದೂ ಕೇಳತೊಡಗಿತು. ಸಂಗಪ್ಪ ಮಂಚದ ತುದಿಯಲ್ಲಿ, ನಾಲ್ಕನೆಯ ಸೀಟಿನವನಂತೆ, ಕೂತ.

ಐತ ತಲೆಯೆತ್ತದೆ ಹೇಳಿದ: “ಸಂಗಪ್ಪಣ್ಣ, ಹೋಟೆಲಲ್ಲಿ ಕೂರ್ಲಿಕ್ಕಿಲ್ಲ. ಬೆಳಿಗ್ಗೆ ಹೋದ್ರೆ ಶಟರ್ ಎಳೆಯುವವರೆಗೆ ನಿಂತೇ. ಟ್ರೇನಲ್ಲಿ ಕೂತದ್ದೇ ಕೂತದ್ದು.”

ಸಂಗಪ್ಪ ಆ ಮಂಡಿಗಳನ್ನು ನೋಡಿದ. ಐತ ಒಂದು ದಿನವೂ ಸೋತವನಲ್ಲ. ಅವನು ಸೋಲದ ದಿನಗಳಲ್ಲಿ ಹೆಚ್ಚಾಗಿ ನಿಂತವನು ತಾನೇ, ಮನೆಯಲ್ಲಿ ಇಲ್ಲದ್ದನ್ನು ಇಲ್ಲವೆಂದು ಹೇಳಿ. ಇದು ಸಿಟ್ಟು ಮಾಡಬೇಕಾದ ವಿಷಯ ಎಂದು ಅವನಿಗೆ ಹೊಳೆಯಿತು. ಸಿಟ್ಟಿಗಾಗಿ ಸ್ವಲ್ಪ ಕಾದ. ಬಂದದ್ದು ಬೇರೆಯೇ. ಎದೆಗೆ ಒತ್ತುವ ಕಂಬಿ, ಮೇಲೆ ಗುಯ್‌ಗುಡುವ ಫ್ಯಾನು, ಶಿವಪುತ್ರನ ತಕರಾರು, ಎಲ್ಲದರ ನಡುವೆ ಕಿಟಕಿಯ ಕಡೆ ಮುಖ ಮಾಡಿ, ಅವಸರವಿಲ್ಲದೆ, ಇಲ್ಲದ ಬಾಲ್ಕನಿಯ ಬಾಗಿಲು ತೆರೆಯುತ್ತಿದ್ದ ಈ ಮನುಷ್ಯ. ಅದಕ್ಕಿಂತ ಒಳ್ಳೆಯ ಬೆಳಗು ಆಮೇಲೆ ಬಂದಿರಲಿಲ್ಲ.

“ನನಗ ಆಫೀಸಿನಾಗ ಕುರ್ಚಿ ಇತ್ತು, ಐತಣ್ಣ” ಅಂದ.

ಐತ ಈಗ ತಲೆಯೆತ್ತಿದ. ಎದುರು ಬಾಲ್ಕನಿಗೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ಈ ಕಿಟಕಿಯ ಕಡೆ ನೋಡಿ ಮಗುವಿನ ಕೈಯನ್ನು ಹಿಡಿದು ಬೀಸಿದಳು. ಐತ ಕೈಬೀಸಿದ. ಸ್ವಲ್ಪ ತಡೆದು ಸಂಗಪ್ಪನೂ ಬೀಸಿದ.

ಸಂಜೆ ಇಬ್ಬರೂ ಹೊರಟಾಗ ಶರಣವ್ವನ ಕೈಯಲ್ಲಿ ಹೋಳಿಗೆಯ ಡಬ್ಬಿ ಖಾಲಿಯಾಗಿರಲಿಲ್ಲ. ಅದರಲ್ಲಿ ವಸಂತಿ ಕೆಸುವಿನೆಲೆಯ ಪತ್ರೊಡೆ ತುಂಬಿದ್ದಳು. ದಹಿಸರ್ ಸ್ಟೇಷನ್ನಿನ ತನಕ ಅವಳು ಅದನ್ನು ಅಲುಗದಂತೆ ಎದೆಗೊತ್ತಿಕೊಂಡು ನಡೆದಳು. ಭಾನುವಾರವಾದ್ದರಿಂದ ಇಬ್ಬರಿಗೂ ಜನರಲ್ ಬೋಗಿಯಲ್ಲಿ ಒಟ್ಟಿಗೆ ಜಾಗ ಸಿಕ್ಕಿತು. ಸಂಗಪ್ಪ ಸೋತವನ ಸೌಜನ್ಯದಿಂದ ಶುರುಮಾಡಿದ. ಮಾತು ಮಾತೇ. ಸೋಮವಾರ ಏಜೆಂಟನಿಗೆ ಬೇಡವೆಂದು ಹೇಳುತ್ತೇನೆ, ಟವರ್ ಏಳುವ ತನಕ ಗೋರೆಗಾಂವ್‌ನಲ್ಲೇ ಬಾಡಿಗೆಗೆ ಇರೋಣ ಅಂದ.

“ಯಾರ ಹೇಳಿದ್ರು ಬ್ಯಾಡಂತ?” ಅಂದಳು ಶರಣವ್ವ. “ತಗೊಳ್ರಿ ಆ ಮನಿ. ಅಲ್ಲಿಂದ ವಸಂತಿ ಮನಿಗೆ ನಡಕೊಂಡ ಹೋಗಬೌದಂತ. ಬುಧವಾರ ಬಾಜಾರಕ್ಕ ಕರಕೊಂಡ ಹೋಗತೀನಂದಾಳ.”

ಸಂಗಪ್ಪನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಒಂದು ದಿನದ ಮಟ್ಟಿಗೆ ನಂಬಿಕೆಯ ವಿಷಯದಲ್ಲಿ ಅವನಿಗೆ ಸಾಕುಸಾಕಾಗಿತ್ತು. “ಮತ್ತ... ಬಾಲ್ಕನಿ?” ಅಂದ ಮೆಲ್ಲಗೆ.

“ಅದಕ್ಕ ಗ್ಲಾಸ್ ಹಾಕ್ಸಿ ಮುಚ್ಚಸೂಣು. ಶೈಲಾ ಮಕ್ಕಳನ್ನ ಕರಕೊಂಡ ಬಂದ್ರ ಮಲಗಾಕ ಜಾಗಾ ಬೇಕಲ್ಲ?”

ಗಾಡಿ ಬೊರಿವಲಿ ಬಿಟ್ಟಿತ್ತು. ಸಂಗಪ್ಪ ಕಿಟಕಿಯಾಚೆ ನೋಡಿದ. ಹಳಿಯುದ್ದಕ್ಕೂ ಬಿಲ್ಡಿಂಗುಗಳು, ಒಂದೊಂದರಲ್ಲೂ ಬಾಲ್ಕನಿಗಳ ಸಾಲು. ಒಂದಕ್ಕೆ ಗ್ಲಾಸು, ಒಂದಕ್ಕೆ ತಗಡು, ಒಂದಕ್ಕೆ ಗ್ರಿಲ್ಲು, ಮೇಲೆ ಏಸಿಯ ಡಬ್ಬ. ಒಳಗೆ ಮಂಚಗಳು, ಗೋಧಿ ಹಿಟ್ಟಿನ ಡಬ್ಬಿಗಳು, ಟ್ಯೂಬ್‌ಲೈಟಿನ ಕೆಳಗೆ ಹೋಮ್‌ವರ್ಕ್ ಮಾಡುವ ಮಕ್ಕಳು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿ ಇದೊಂದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮಾಲಾಡ್ ಬರುವ ತನಕ ಯೋಚಿಸಿ, “ಅರ್ಧಾ ಮುಚ್ಚಸೂಣು” ಅಂದ.

ಶರಣವ್ವ ಡಬ್ಬಿಯ ಮುಚ್ಚಳ ಭದ್ರವಾಗಿದೆಯೋ ನೋಡಿಕೊಳ್ಳುತ್ತಿದ್ದಳು. ಅರ್ಧ ಬಿಟ್ಟರೂ ನಡೆದೀತು, ಹಾಸಿಗೆ ಒಣಹಾಕಲು ಬೇಕಾಗುತ್ತದೆ ಅಂದಳು. ಹಾಸಿಗೆ ಇಲ್ಲದ ಹೊತ್ತಿನಲ್ಲಿ ಅವನು ಅಲ್ಲಿ ಏನು ಬೇಕಾದರೂ ಮಾಡಿಕೊಳ್ಳಬಹುದು. ಸಂಗಪ್ಪ ಒಪ್ಪಿದ. ಗೋರೆಗಾಂವ್ ಬರುತ್ತಿತ್ತು, ಬಾಗಿಲ ಬಳಿ ಹೋಗಿ ನಿಲ್ಲಲು ಇಬ್ಬರೂ ಎದ್ದರು.